ಪ್ರತಿಕೃತಿಯಲ್ಲಿ ಮಸಿಯ ಸ್ಥಾನ

ಸಂಸ್ಮರಣ ಸಂಚಿಕೆಗೆ ಕನ್ನಡ ಪಂಡಿತನೊಬ್ಬನು ಲೇಖನ ಬರೆಯುವನೆಂದರೆ, ಅದು ವ್ಯಾಕರಣವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತದ್ದಾಗಿರುವುದೆಂದು ವಾಚಕರು ನಿರೀಕ್ಷಿಸುವುದು ಸಹಜ. ಈ ಸಲ ನಾನು ಬರೆಯಹೊರಟಿರುವುದು ನಮ್ಮ ಶಾಲೆಯ ವಸ್ತುಪ್ರದರ್ಶನದ ಕೊಠಡಿಯಲ್ಲಿ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಹಲಗೆಯೊಂದರ ಮೇಲೆ, ಬಟ್ಟೆ ಹೊದ್ದು ಕುಳಿತಿರುವ ಚಿಕ್ಕ ಉಗಿಬಂಡಿಯನ್ನು ಕುರಿತು. ಅದನ್ನು ತೆಗೆದುಹಾಕಿ, ಆ ಸ್ಥಳದಲ್ಲಿ ಹೊರದೇಶದಿಂದ ತರಿಸಿದ ಸಿದ್ಧ ರೈಲಿನ ಮಾದರಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಡುವುದಾಗಿ ಹಿತೈಷಿಗಳೊಬ್ಬರು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ಕೈಮುಗಿದೇ ನನ್ನ ಭಿನ್ನಾಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಹಳೆಯದು ಕೊಳಕಾಗಿದೆ, ಹೊಸದು ಹೊಳೆಯುತ್ತದೆ ಎಂಬುದು ಈ ಬದಲಾವಣೆಗೆ ಹೇಳಲಾಗುತ್ತಿರುವ ಕಾರಣ. ಆ ಕೊಳಕೇ ಅದರ ವಿದ್ಯೆ ಎಂಬುದು ನನ್ನ ವಾದ.

ಈ ವಾದವು ನನಗೆ ಸುಲಭವಾಗಿ ದೊರೆತದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ದೊರೆತದ್ದು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಏಳೆಂಟು ಹುಡುಗರು ದಸರಾ ರಜೆಯಲ್ಲಿ ಕಲೆತು ಈ ಮಾದರಿಯನ್ನು ಕಟ್ಟಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಸೇತುವೆಯನ್ನು ದಾಟಿ ಮೈಸೂರಿನತ್ತ ಬರುವ ಮೀಟರ್ ಗೇಜ್ ಗಾಡಿ ಅದರ ವಸ್ತು. ಓಡುವ ಯಂತ್ರಭಾಗವನ್ನು ಕೊಂಡು ತಂದು, ಮೇಲಿನ ಕವಚವನ್ನು ರಟ್ಟು ತಗಡುಗಳಿಂದ ತಾವೇ ಮಾಡಿದ್ದರು. ಮಾಡಿ ಮುಗಿಸಿ, ಎಂಜಿನ್ನಿನ ಮೇಲೆ ಕಾಡಿಗೆಯನ್ನೂ, ಹಳಿಗಳ ನಡುವೆ ಕಂದು ಬಣ್ಣವನ್ನೂ, ನಿಲ್ದಾಣದ ಗೋಡೆಯ ಮೇಲೆ ಮಳೆನೀರಿನ ಕಲೆಗಳನ್ನೂ ಬಳಿದಿದ್ದರು. ಪ್ರದರ್ಶನದ ಹಿಂದಿನ ಸಂಜೆ ಮೇಲ್ವಿಚಾರಣೆಗೆ ಹೋದ ನಾನು ಅದನ್ನು ಕಂಡು ಸಿಡಿಮಿಡಿಗೊಂಡೆ. “ದೊಡ್ಡವರು ಬರುತ್ತಾರೆ, ಇದೇನು ಗಲೀಜು? ಎಲ್ಲವನ್ನೂ ಒರೆಸಿ ಹೊಸದಾಗಿ ಬಣ್ಣ ಹಚ್ಚಿ” ಎಂದು ಆಜ್ಞಾಪಿಸಿದೆ. ಹುಡುಗರು ಎದುರಾಡಲಿಲ್ಲ. ರಾತ್ರಿ ಒಂಬತ್ತರವರೆಗೆ ಕುಳಿತು ತಮ್ಮ ಒಂದು ವಾರದ ಕೆಲಸವನ್ನು ತಾವೇ ಅಳಿಸಿದರು.

ಮರುದಿನ ಎಲ್ಲರೂ ಹೊಗಳಿದರು, ಒಬ್ಬರನ್ನುಳಿದು. ಹುಡುಗರಲ್ಲೊಬ್ಬನ ಅಜ್ಜ, ಮೈಸೂರಿನ ಎಂಜಿನ್ ಷೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು, ಮೊಮ್ಮಗನ ಕೈಹಿಡಿದು ಬಂದಿದ್ದರು. ಬಹಳ ಹೊತ್ತು ಬಾಗಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, “ಮೇಷ್ಟ್ರೇ, ಈ ಇಂಜಿನ್ನಿಗೆ ಯಾರೂ ಬೆಂಕಿ ಹಾಕೇ ಇಲ್ವಲ್ಲಾ?” ಎಂದರು. ವ್ಯಂಗ್ಯದ ಮಾತಲ್ಲ, ನಿಜವಾದ ವಿಸ್ಮಯ. ತಮ್ಮ ಆಯುಷ್ಯದ ಬಹುಭಾಗವನ್ನು ಬೆಂಕಿಯ ಬಾಯಿಗೆ ಕಲ್ಲಿದ್ದಲು ಎಸೆಯುವುದರಲ್ಲಿ ಕಳೆದ ಮನುಷ್ಯನಿಗೆ, ತಾವು ಅಲ್ಲಿ ಇರಲೇ ಇಲ್ಲವೆಂದು ನಾವು ಹೇಳಿದಂತಾಗಿತ್ತು. ಮೊಮ್ಮಗ ತಲೆ ತಗ್ಗಿಸಿ ನಿಂತಿದ್ದ. ಅಳಿಸಲು ಹೇಳಿದವನು ನಾನೆಂದು ಅವನು ಅಜ್ಜನಿಗೆ ಹೇಳಲಿಲ್ಲ. ಆ ಮೌನವು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪ್ರತಿಕೃತಿಗೆ ನೆಲ, ಗಿಡ, ಗುಡ್ಡಗಳನ್ನು ಕಟ್ಟುವ ಕಲೆ ಮೈಸೂರಿನವರಿಗೆ ಹೊಸತಲ್ಲವೆಂಬುದನ್ನು ಮೊದಲು ನೆನೆಯಬೇಕು. ನವರಾತ್ರಿಯ ಪಾಡ್ಯಕ್ಕೆ ಪಟ್ಟದ ಬೊಂಬೆಗಳನ್ನು ಕೂರಿಸುವ ಮನೆಗಳಲ್ಲಿ, ಮೆಟ್ಟಿಲುಗಳ ಮುಂದೆ ‘ಪಾರ್ಕು’ ಮಾಡುವ ವಾಡಿಕೆ ನಮ್ಮಲ್ಲಿದೆ. ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಹಸುರು ಹುಲ್ಲುಗಾವಲು, ಕನ್ನಡಿಯ ಚೂರು ಕೊಳ, ಮರಳು ಹಾದಿ, ಇಟ್ಟಿಗೆಯ ಪುಡಿ ಅಂಗಳ. ನಾನು ಬಾಲಕನಾಗಿದ್ದಾಗ ಅನೇಕ ಮನೆಗಳಲ್ಲಿ ಕೀಲಿ ಕೊಟ್ಟರೆ ಸುತ್ತುವ ತಗಡಿನ ರೈಲೂ ಅಲ್ಲಿ ಇರುತ್ತಿತ್ತು. ಅಂಬಾವಿಲಾಸ ಅರಮನೆಯ ಬೊಂಬೆತೊಟ್ಟಿಯಿಂದ ಹಿಡಿದು ಅಗ್ರಹಾರದ ಪಡಸಾಲೆಯವರೆಗೆ ಲೋಕವನ್ನು ಕಿರಿದು ಮಾಡಿ ನೋಡುವ ಅಭ್ಯಾಸ ಈ ಊರಿನ ರಕ್ತದಲ್ಲಿದೆ. ಹಾಲೆಮರದ ಆಟಿಕೆಗಳಿಗೆ ಅರಗಿನ ಬಣ್ಣ ಕೊಡುವ ಚನ್ನಪಟ್ಟಣವು ನಮ್ಮ ಇದೇ ರೈಲುದಾರಿಯ ಮೇಲೆ ಇರುವುದೂ ಒಂದು ಸೊಗಸಾದ ಯೋಗಾಯೋಗ. ಹುಡುಗರು ಮೊದಲು ಕಲಿತದ್ದು ತಮ್ಮ ಅಜ್ಜಿಯರಿಂದ. ಯಾವ ವಿದೇಶೀ ಗ್ರಂಥದಿಂದಲೂ ಅಲ್ಲ.

ಆದರೆ ಬೊಂಬೆಯ ಪಾರ್ಕಿಗೂ ಪ್ರತಿಕೃತಿಗೂ ಒಂದು ಭೇದವಿದೆ, ಅದು ಪ್ರಮಾಣಬದ್ಧತೆ. ಹುಡುಗರು ಆಯ್ದ ಪ್ರಮಾಣ ಒಂದಕ್ಕೆ ೮೭. ಒಂದು ಮೀಟರ್ ಅಗಲದ ಹಳಿ ಅಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಐದೂವರೆ ಅಡಿಯ ಮನುಷ್ಯನು ಮುಕ್ಕಾಲು ಅಂಗುಲದವನಾಗುತ್ತಾನೆ. ಎರಡು ಅಂಗುಲ ಬೆಳೆದ ರಾಗಿಪೈರನ್ನು ಅಲ್ಲಿ ನೆಟ್ಟರೆ ಅದು ಹದಿನಾಲ್ಕು ಅಡಿಗೂ ಮೀರಿದ ಹುಲ್ಲಾಗಿ ಸ್ಟೇಷನ್ ಮಾಸ್ತರರನ್ನೇ ನುಂಗಿಬಿಡುತ್ತದೆ! ಮೈಸೂರಿನಿಂದ ಬೆಂಗಳೂರಿಗೆ ಇರುವ ಸುಮಾರು ೧೩೮ ಕಿಲೋಮೀಟರನ್ನು ಈ ಪ್ರಮಾಣಕ್ಕೆ ಇಳಿಸಿದರೂ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಹಲಗೆ ಬೇಕು. ನಮ್ಮ ಎಂಟು ಅಡಿಯ ಹಲಗೆಯಲ್ಲಿ ಹಿಡಿಸುವುದು ೬೯೬ ಅಡಿಗಳ ನೆಲ ಮಾತ್ರ. ಆದುದರಿಂದ ಯಾವುದನ್ನು ಇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಕವಿಗೆ ಬರುವಂತೆಯೇ ಈ ಬಾಲಕರಿಗೂ ಬಂದಿತು. ಹದಿನೆಂಟು ವರ್ಣನೆಗಳನ್ನೂ ತುರುಕಿದ ಮಾತ್ರಕ್ಕೆ ಮಹಾಕಾವ್ಯವಾಗದು ಎಂಬುದನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೆನೋ! ಅದನ್ನು ಅವರು ಅರಿತದ್ದು ಈ ಹಲಗೆಯ ಮುಂದೆ.

ಪ್ರಮಾಣಕ್ಕಿಂತಲೂ ಕಠಿನವಾದುದು ಕಾಲದ ಆಯ್ಕೆ. ಮೈಸೂರು–ಬೆಂಗಳೂರು ಮಾರ್ಗವು ೧೮೮೨ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅದರ ಹಿಂದಿನ ದಶಕದ ಭೀಕರ ಕ್ಷಾಮವನ್ನು ಬಲ್ಲವರಿಗೆ ಆ ಮಣ್ಣು ಹೊತ್ತ ಕೈಗಳ ನೆನಪಾಗದಿರದು. ಆ ಕಾಲದ ಮಂಡ್ಯವನ್ನು ಮಾದರಿಯಲ್ಲಿ ತೋರಿಸುವವನು ಹಳಿಯ ಇಬ್ಬದಿಗೂ ಕಬ್ಬಿನ ಗದ್ದೆಯನ್ನು ಇಟ್ಟರೆ ಅದು ಸುಳ್ಳು. ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದದ್ದು ೧೯೧೧ರಲ್ಲಿ. ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದದ್ದು ೧೯೩೩ರಲ್ಲಿ. ನಾಲೆ ಬರುವ ಮುನ್ನ ಅದು ಬಹುಮಟ್ಟಿಗೆ ಮಳೆ ನೆಚ್ಚಿದ ಹೊಲಗಳ ಸೀಮೆ. ಹಾಗೆಯೇ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು ಜೋಡಿಹಳಿಗೆ ಎಡೆಮಾಡಲು ೨೦೧೭ರಲ್ಲಿ ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಇಂದು ಹೋಗಿ ಅಳತೆ ತಂದು ಹಳೆಯ ಗಾಡಿಯ ಪಕ್ಕದಲ್ಲಿ ಅದನ್ನು ಇಂದಿರುವ ಸ್ಥಳದಲ್ಲೇ ನಿಲ್ಲಿಸಿದರೆ ಚರಿತ್ರೆ ಕೆಟ್ಟಿತು. ಹುಡುಗರು ೧೯೮೦ರ ಸುಮಾರನ್ನು ಆಯ್ದುಕೊಂಡರು. ಮೀಟರ್ ಗೇಜ್ ಇತ್ತು, ವೈ.ಪಿ. ವರ್ಗದ ಎಂಜಿನ್ನು ಇತ್ತು. ಅದನ್ನು ಕಂಡವರು ಇನ್ನೂ ಬದುಕಿದ್ದರು. ೧೯೯೦ರ ದಶಕದಲ್ಲಿ ಆ ಹಳಿಗಳು ಹೋಗಿ ಬ್ರಾಡ್ ಗೇಜ್ ಬಂದಿತು. ಈಗ ಜೋಡಿಹಳಿ, ಮೇಲೆ ವಿದ್ಯುತ್ತಿನ ತಂತಿ. ಇಂದಿನ ವಿದ್ಯಾರ್ಥಿಗೆ ‘ಹೊಗೆಬಂಡಿ’ ಎಂಬ ಶಬ್ದದಲ್ಲಿ ಹೊಗೆ ಏಕಿದೆ ಎಂಬುದನ್ನೇ ವಿವರಿಸಬೇಕಾಗಿದೆ.

ನೆಲವನ್ನು ಕಟ್ಟಿದ ಕ್ರಮವನ್ನೂ ಸಂಕ್ಷೇಪವಾಗಿ ಹೇಳುವೆನು. ಮುಂದೆ ಕಟ್ಟುವವರಿಗೆ ಉಪಯೋಗವಾದೀತು. ಏರುನೆಲಕ್ಕೆ ತಂತಿಬಲೆಯನ್ನು ಬಾಗಿಸಿ, ಮೈದಾಹಿಟ್ಟಿನ ಅಂಟಿನಲ್ಲಿ ಅದ್ದಿದ ಹಳೆಯ ಪತ್ರಿಕೆಗಳನ್ನು ಪದರಪದರವಾಗಿ ಹೊದಿಸಿ, ಒಣಗಿದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದರು. ಬಂಡೆಗಳಿಗೆ ಅದೇ ಗಾರೆಯನ್ನು ಅರೆ ಒಣಗಿದಾಗ ಕೆತ್ತಿದರು. ನಮ್ಮ ಸೀಮೆಯ ಬಂಡೆ ಗುಂಡಗಿನದು, ಅದರ ಮೈಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳಿರುತ್ತವೆ ಎಂಬುದನ್ನು ಕಣ್ಣಾರೆ ನೋಡಿ ಬಂದು ಮಾಡಿದರು. ಮಣ್ಣಿಗೆ ಬಣ್ಣ ಕೊಳ್ಳಲಿಲ್ಲ. ಹೊಲದ ಕೆಮ್ಮಣ್ಣನ್ನೇ ತಂದು ತೆಳುಬಟ್ಟೆಯಲ್ಲಿ ಜಾಲಿಸಿ, ಅಯಸ್ಕಾಂತವನ್ನು ಆಡಿಸಿ ಕಬ್ಬಿಣದ ಕಣಗಳನ್ನು ತೆಗೆದು ಉದುರಿಸಿದರು. ಆ ಕಣಗಳು ಎಂಜಿನ್ನಿನ ಮೋಟಾರಿಗೆ ಅಂಟಿದರೆ ಅದು ಕೆಡುವುದಂತೆ. ಜಲ್ಲಿಗೆ ಸಣ್ಣ ಕಲ್ಲುಪುಡಿ. ಅದನ್ನು ಕುಂಚದಿಂದ ಹಳಿಗಳ ನಡುವೆ ಹರವಿ, ಸಾಬೂನಿನ ಹನಿ ಬೆರೆಸಿದ ನೀರನ್ನು ಚಿಮುಕಿಸಿ, ಮೇಲೆ ನೀರಾಗಿ ಕರಗಿಸಿದ ಫೆವಿಕಾಲನ್ನು ತೊಟ್ಟುತೊಟ್ಟಾಗಿ ಬಿಟ್ಟರು. ಸಾಬೂನಿಲ್ಲದಿದ್ದರೆ ಅಂಟು ಒಳಗಿಳಿಯದೆ ಮುತ್ತಿನಂತೆ ಮೇಲೇ ನಿಂತು ಕಲ್ಲುಗಳನ್ನು ಉರುಳಿಸುತ್ತದೆ. ಹುಲ್ಲಿಗೆ ತೆಂಗಿನ ನಾರು, ಪೊದೆಗೆ ಬಣ್ಣ ಹಾಕಿದ ಮರದ ಹೊಟ್ಟು, ಮರಕ್ಕೆ ಒಣಗಿದ ಕಡ್ಡಿಗಿಡ.

ಇನ್ನು ಮಸಿಯ ಪ್ರಕರಣ. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಬೆಟ್ಟದ ಮೇಲೆ ಹೊಗೆ ಕಂಡಾಗ ಬೆಂಕಿಯು ಕಣ್ಣಿಗೆ ಬೀಳುವುದಿಲ್ಲ. ಹೊಗೆಯೆಂಬ ‘ಲಿಂಗ’ದಿಂದ, ಅಂದರೆ ಗುರುತಿನಿಂದ, ಅದು ತಿಳಿಯುತ್ತದೆ. ಪ್ರತಿಕೃತಿಯಲ್ಲಿಯೂ ಬೆಂಕಿ ಇಲ್ಲ, ಉಗಿ ಇಲ್ಲ, ಬೆವರು ಇಲ್ಲ. ಇರುವುದು ಗುರುತುಗಳು ಮಾತ್ರ. ಗುರುತನ್ನು ಒರೆಸಿದ ಮೇಲೆ ಅನುಮಾನಕ್ಕೆ ಆಧಾರವೇನು? ಆ ವೃದ್ಧರು ಆಮೇಲೆ ಎರಡು ಮಧ್ಯಾಹ್ನ ಹುಡುಗರ ಜೊತೆ ಕುಳಿತು ಒಂದೊಂದು ಕಲೆಯ ಕಾರಣವನ್ನೂ ಹೇಳಿಕೊಟ್ಟರು. ನಾನೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ಹಳಿಯ ಪಕ್ಕಗಳು ತುಕ್ಕು ಹಿಡಿದಿದ್ದರೂ ನೆತ್ತಿ ಬೆಳ್ಳಿಯಂತೆ ಹೊಳೆಯಬೇಕು, ಗಾಲಿ ಉಜ್ಜುವುದು ಅಲ್ಲಿಯೇ. ನೆತ್ತಿಯೂ ತುಕ್ಕಾಗಿದ್ದರೆ ಆ ಹಳಿಯ ಮೇಲೆ ಗಾಡಿ ಓಡಿ ಬಹಳ ದಿನವಾಯಿತೆಂದು ಅರ್ಥ. ಗಾಡಿ ಬ್ರೇಕು ಹಾಕುವ ಕಡೆ ಜಲ್ಲಿ ಕಂದಾಗಿರುತ್ತದೆ, ಅದು ಸವೆದ ಕಬ್ಬಿಣದ ಧೂಳು. ಎಂಜಿನ್ನು ನಿಲ್ಲುವ ಕಡೆ ಹಳಿಗಳ ನಡುವೆ ಎಣ್ಣೆ ಸೋರಿ ಕಪ್ಪು. ನೀರು ತುಂಬುವ ಕಂಬದ ಬುಡದಲ್ಲಿ ಪಾಚಿ. ಬಾಯ್ಲರಿನ ಮೈಮೇಲೆ ಬಿಳಿಯ ಗೆರೆಗಳು, ಗಡಸು ನೀರು ಸೋರಿ ಆರಿದಾಗ ಉಳಿಯುವ ಸುಣ್ಣ. ಮೇಲ್ಸೇತುವೆಯ ತಳಭಾಗದಲ್ಲಿ, ಹಳಿಯ ನೇರಕ್ಕೆ ಮಾತ್ರ, ಹೊಗೆಯ ಮಸಿ. ಪಕ್ಕಕ್ಕೆ ಹೋದಂತೆ ತೆಳುವಾಗುತ್ತದೆ.

ಒಬ್ಬ ಹುಡುಗನು ಉತ್ಸಾಹದಿಂದ ಚಾಲಕನ ಕೋಣೆಯನ್ನೂ ಪೂರ್ಣವಾಗಿ ಕಪ್ಪು ಮಾಡಹೊರಟಾಗ ಅಜ್ಜನವರು ಅವನ ಕೈ ಹಿಡಿದರು. “ಬೇಡ ಮರೀ, ಹತ್ತುವಾಗ ಹಿಡ್ಕೊಳ್ಳೋ ಕಂಬಿ ಮಾತ್ರ ಫಳಫಳ ಅನ್ಬೇಕು. ದಿನಾ ನಾವೇ ಹಿಡೀತಿದ್ವಲ್ಲ, ನಾವೇ ಒರೆಸ್ತಿದ್ವಲ್ಲ” ಎಂದರು. ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಮಸಿ ಹೇಗೆ ದುಡಿಮೆಯ ಗುರುತೋ ಹೊಳಪೂ ಹಾಗೆಯೇ ದುಡಿಮೆಯ ಗುರುತು. ಕಾರಣವಿಲ್ಲದ ಹೊಳಪು ಎಷ್ಟು ಸುಳ್ಳೋ ಕಾರಣವಿಲ್ಲದ ಕೊಳಕೂ ಅಷ್ಟೇ ಸುಳ್ಳು. ಅಶೋಕಪುರದ ಕಾರ್ಯಾಗಾರದಿಂದ ದುರಸ್ತಿಯಾಗಿ ಆಗ ತಾನೆ ಹೊರಬಂದ ಬೋಗಿಗೆ ಕೆಸರು ಬಳಿದರೆ ಅದೂ ಅನೌಚಿತ್ಯವೇ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಅಪರಿಚಿತ ವಿಚಾರವಲ್ಲ. ವಸ್ತುವನ್ನು ಅದರ ಸ್ವಭಾವಕ್ಕೆ ತಕ್ಕಂತೆ ಬಣ್ಣಿಸುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ನಾವು ಶಾಲೆಗಳಲ್ಲಿ ಅತಿಶಯೋಕ್ತಿಗೆ ಮಾರುಹೋಗಿ ಅದನ್ನು ಮರೆತಿದ್ದೇವೆ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಕುದುರೆ’ ಎನ್ನುವಾಗ ಅದು ದಿಟವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ, ಬೇರೆಯೇ ಒಂದು ಬಗೆಯ ಅರಿವು ಎಂದು ಶ್ರೀಶಂಕುಕನು ರಸವಿಚಾರದಲ್ಲಿ ಹೇಳಿದ್ದನ್ನು ಅಭಿನವಗುಪ್ತನ ಮೂಲಕ ಬಲ್ಲೆವು. ಆ ಅರಿವು ಹುಟ್ಟಬೇಕಾದರೆ ಕುದುರೆಯ ಕುದುರೆತನ ಚಿತ್ರದಲ್ಲಿ ಇಳಿದಿರಬೇಕು. ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕದಲ್ಲಿ ತಮ್ಮ ಹಿಂದಿನ ಬಾಳಿನ ಚಿತ್ರಗಳನ್ನು ನೋಡುತ್ತ ಸೀತಾರಾಮರು ಮತ್ತೆ ಆ ಕಾಡನ್ನೇ ಹೊಕ್ಕವರಂತೆ ಕಲಕಿಹೋಗುತ್ತಾರೆ. ವನವಾಸದ ಕಷ್ಟವನ್ನೆಲ್ಲ ಒರೆಸಿ ಅರಮನೆಯ ಬಣ್ಣ ಬಳಿದ ಚಿತ್ರವಾಗಿದ್ದರೆ ಅವರ ಕಣ್ಣು ತೇವವಾಗುತ್ತಿತ್ತೆ? ನಮ್ಮ ಪ್ರದರ್ಶನಕ್ಕೆ ಬಂದ ಆ ವೃದ್ಧರಿಗೂ ಒಂದು ಚಿತ್ರದರ್ಶನ ಸಲ್ಲಬೇಕಾಗಿತ್ತು. ಮೊದಲ ದಿನ ಅದನ್ನು ತಪ್ಪಿಸಿದವನು ನಾನು.

ಇದು ಮಕ್ಕಳಾಟಿಕೆಯೆಂದು ತಳ್ಳಿಹಾಕುವವರು ಹೊರಗಿನ ಲೋಕವನ್ನೂ ಕೊಂಚ ನೋಡಬೇಕು. ಇಂಗ್ಲೆಂಡಿನ ಪೆಂಡನ್ ವಸ್ತುಸಂಗ್ರಹಾಲಯವನ್ನು ೧೯೫೪ರಲ್ಲಿ ಆರಂಭಿಸಿದ ರಾಯ್ ಇಂಗ್ಲೆಂಡ್ ಎಂಬಾತನು ಆಸ್ಟ್ರೇಲಿಯದಿಂದ ಬಂದವನು. ಹಳ್ಳಿಯ ಹುಲ್ಲುಮಾಡಿನ ಮನೆಗಳು ಕಣ್ಣೆದುರೇ ಮಾಯವಾಗುತ್ತಿರುವುದನ್ನು ಕಂಡು ನೊಂದು, ಅವನ್ನು ಕಿರಿದಾಗಿಯಾದರೂ ಉಳಿಸಬೇಕೆಂದು ಹೊರಟನು. ಜಾನ್ ಅಹರ್ನ್ ಎಂಬಾತನು ಕಟ್ಟಿದ, ಹಳೆತನದ ಕಳೆಯನ್ನು ಹೊತ್ತ ಪ್ರಸಿದ್ಧ ರೈಲುಮಾದರಿಯೂ ಅಲ್ಲಿಯೇ ಇದೆ. ನೆರೆಯ ಪುಣೆಯಲ್ಲಿ ಜೋಶಿ ಕುಟುಂಬದವರ ಕಿರುರೈಲುಗಳ ಸಂಗ್ರಹಾಲಯ ೧೯೯೮ರಿಂದ ಸಾರ್ವಜನಿಕರಿಗೆ ತೆರೆದಿದೆ. ಮೈಸೂರಿಗೆ ಇನ್ನೂ ದೊಡ್ಡ ಭಾಗ್ಯವಿದೆ. ಕೃಷ್ಣರಾಜಸಾಗರದ ರಸ್ತೆಯಲ್ಲಿ ೧೯೭೯ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ನಿಜವಾದ ಉಗಿ ಎಂಜಿನ್ನುಗಳನ್ನೂ ಮಹಾರಾಣಿಯವರ ಬೋಗಿಯನ್ನೂ ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. ಅಲ್ಲಿ ಎಂಜಿನ್ನುಗಳಿಗೆ ಬಣ್ಣ ಹಚ್ಚಿ ಕಾಪಾಡುವುದು ಅಗತ್ಯ. ಬಯಲಿನಲ್ಲಿರುವ ಕಬ್ಬಿಣವು ಬಣ್ಣವಿಲ್ಲದೆ ಉಳಿಯದು. ವಸ್ತುವನ್ನು ಉಳಿಸುವುದು ಸಂಗ್ರಹಾಲಯದ ಕಾರ್ಯ. ಆ ವಸ್ತು ದುಡಿದ ಬಗೆಯನ್ನು ತೋರಿಸುವುದು ಪ್ರತಿಕೃತಿಯ ಕಾರ್ಯ. ಒಂದು ಇನ್ನೊಂದಕ್ಕೆ ಪೂರಕ.

ಆಕ್ಷೇಪಗಳು ಇಲ್ಲದಿಲ್ಲ. ಇದರಿಂದ ಪರೀಕ್ಷೆಯ ಅಂಕ ಹೆಚ್ಚುವುದೇ ಎಂದು ಪೋಷಕರು ಕೇಳುತ್ತಾರೆ. ನೇರವಾಗಿ ಹೆಚ್ಚದೆಂದು ನಾನು ಒಪ್ಪುತ್ತೇನೆ. ಆದರೆ ತುಕ್ಕಿನ ರಸಾಯನ, ಪ್ರಮಾಣದ ಗಣಿತ, ನಾಲೆಯ ಚರಿತ್ರೆ, ಬಂಡೆಯ ಭೂಗೋಲಗಳು ಒಂದೇ ಹಲಗೆಯ ಮೇಲೆ ಒಟ್ಟಿಗೆ ಬರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕೊಳಕನ್ನು ತೋರಿಸುವುದು ಹಿರಿಯರಿಗೆ ಅಗೌರವವೆಂದು ಇನ್ನು ಕೆಲವರು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಕಾಯಕವನ್ನು ಹಿರಿದೆಂದು ಸಾರುವ ಪರಂಪರೆಯ ವಿದ್ಯಾಸಂಸ್ಥೆಯಲ್ಲಿ, ಕಾಯಕದಿಂದ ಕಪ್ಪಾದ ಕೈಗೆ ನಾಚುವುದು ತರವೇ? ಸಿದ್ಧವಾದ ಮಾದರಿ ಅಂದವಾಗಿರುತ್ತದೆ ಎಂಬುದು ಮೂರನೆಯ ಮಾತು. ಇರಬಹುದು, ಆದರೆ ಅದು ಯಾವ ನಾಡಿನ ಮಣ್ಣು, ಯಾವ ನದಿಯ ಸೇತುವೆ? ಅದನ್ನು ನೋಡಿ ‘ಇಲ್ಲಿ ಯಾರೂ ಬೆಂಕಿ ಹಾಕಿಲ್ಲ’ ಎನ್ನುವುದಕ್ಕೂ ಒಬ್ಬ ಅಜ್ಜ ನಮಗೆ ಸಿಗಲಾರರು.

ಆ ಹಿರಿಯರು ಕಳೆದ ವರ್ಷ ಶಿವೈಕ್ಯರಾದರು. ಅವರು ಹೇಳಿಕೊಟ್ಟದ್ದರಲ್ಲಿ ಅರ್ಧದಷ್ಟು ಮಾತ್ರ ಹಲಗೆಯ ಮೇಲೆ ಇಳಿದಿದೆ. ಸೇತುವೆಯ ಆಚೆಬದಿ ಇನ್ನೂ ಬರಿಯ ತಂತಿಬಲೆ. ಬೂದಿ ಸುರಿಯುವ ಗುಂಡಿಯನ್ನು ಕಟ್ಟಿಲ್ಲ. ಕಟ್ಟಿದ ಹುಡುಗರು ಶಾಲೆ ಬಿಟ್ಟು ಹೋಗಿದ್ದಾರೆ. ಮಾದರಿಯ ಮೇಲೆ ಈಗ ಎರಡು ಬಗೆಯ ಧೂಳಿದೆ. ಮಕ್ಕಳು ಅರಿತು ಹಚ್ಚಿದ್ದು ಒಂದು, ನಮ್ಮ ಅಲಕ್ಷ್ಯದಿಂದ ಕೂತದ್ದು ಮತ್ತೊಂದು. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮೆಲ್ಲನೆ ಒರೆಸಬೇಕಾಗಿದೆ.

ಆದುದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಸಿದ್ಧ ಮಾದರಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಅಂಶವನ್ನು ಹಲಗೆ, ಹಳಿ, ಅಂಟು, ಬಣ್ಣಗಳಿಗೆ ಕೊಡಿರಿ; ಕೊಠಡಿಗೆ ಒಂದು ಒಳ್ಳೆಯ ದೀಪವನ್ನೂ ಕೊಡಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ರೈಲ್ವೆಯಲ್ಲಿ ದುಡಿದವರು, ದುಡಿದವರ ಮಕ್ಕಳು ಅನೇಕರಿದ್ದೀರಿ. ಒಂದು ಮಧ್ಯಾಹ್ನ ಬಂದು ಹುಡುಗರ ಪಕ್ಕದಲ್ಲಿ ಕುಳಿತು, ಯಾವ ಕಲೆ ಎಲ್ಲಿ ಏಕೆ ಬೀಳುತ್ತದೆಂದು ಹೇಳಿರಿ. ಸಹೋದ್ಯೋಗಿಗಳಾದ ಉಪಾಧ್ಯಾಯರಲ್ಲಿ ಕೇಳಿಕೊಳ್ಳುವುದು ಒಂದೇ: ಮಕ್ಕಳ ಕೆಲಸವನ್ನು ಒರೆಸಿರೆಂದು ಹೇಳುವ ಮುನ್ನ, ಅದನ್ನು ಏಕೆ ಹಚ್ಚಿದರೆಂದು ಅವರನ್ನು ಕೇಳೋಣ. ನಾನು ಅಂದು ಕೇಳಲಿಲ್ಲ. ಪೂಜ್ಯ ಶ್ರೀಗಳವರ ಅಪ್ಪಣೆಯಾದರೆ ಮುಂದಿನ ದಸರಾ ರಜೆಯಲ್ಲಿ ಸೇತುವೆಯ ಆಚೆಬದಿಯ ಕೆಲಸ ಪ್ರಾರಂಭವಾಗಲಿ. ಮಣ್ಣು ಜಾಲಿಸುವ ಕೆಲಸಕ್ಕೆ ನಾನೇ ಬರುತ್ತೇನೆ.